ಡ್ಯೂಕ್ ಸಾಹೇಬನ ಹಿರಿಯರಿಗೆ ಎಡೆ

ಕರಡಿಗುಡ್ಡದ ಪಾಳೆಯಗಾರ ಹಂಪಣ್ಣ ನಾಯಕನ ಚಾವಡಿಗೆ ಪುದುಚೇರಿ ಕಡೆಯಿಂದ ಒಬ್ಬ ಫ್ರೆಂಚರವನು ಬಂದ. ತಲೆಯ ಮೇಲೆ ಹಿಟ್ಟು ಉದುರಿಸಿದ ಸುಳ್ಳುಗೂದಲಿನ ಟೋಪಿ, ಸುಡುಬಿಸಿಲಲ್ಲೂ ಮಖಮಲ್ಲಿನ ಅಂಗಿ. ಕೂರಿ ಎಂದರೆ ಕೂರಲಿಲ್ಲ. ತಾನು ವೊಮಾರ್ ಸೀಮೆಯ ಎಂಟನೆಯ ಡ್ಯೂಕ್, ಡ್ಯೂಕ್ ಎಂದರೆ ತಮ್ಮ ದೇಶದಲ್ಲಿ ರಾಜನ ಮಗ್ಗುಲಲ್ಲಿ ಕೂರುವವನು, ಇಲ್ಲಿಯೂ ನಾಯಕರ ಬಲಗಡೆಯ ಪೀಠವೇ ಆಗಬೇಕು ಎಂದ. ಕೊಟ್ಟರೆ ಪುದುಚೇರಿಯಿಂದ ಗುಂಡು ಹಾರಿಸುವ ತೋಪು ತರಿಸಿಕೊಡುತ್ತೇನೆ ಎಂದೂ ಸೇರಿಸಿದ.

ಆ ಪೀಠದಲ್ಲಿ ದಳವಾಯಿ ದುಗ್ಗಪ್ಪ ಕೂತಿದ್ದ. ಕೋಟೆಯ ದಿಡ್ಡಿಬಾಗಿಲಲ್ಲಿ ಶತ್ರುಗಳನ್ನು ತಡೆಯುವಾಗ ಬಲಗೈ ಕಳೆದುಕೊಂಡ ಮುದುಕ. ಹೋದ ಕೈಗೆ ಅವನಿಗೆ ಸಿಕ್ಕಿದ್ದು ಆ ಪೀಠ ಒಂದೇ.

ನಾಯಕನಿಗೆ ತೋಪು ಎಂದರೆ ಬಾಯಲ್ಲಿ ನೀರು. ಅವನು ಹೂಂ ಅನ್ನುವ ಮೊದಲೇ ಆಸ್ಥಾನದ ಭೀಮರಸ ಎದ್ದು ನಿಂತ. ನಾಲಿಗೆ ಬಿಟ್ಟು ಬೇರೆ ಆಯುಧ ಹಿಡಿದವನಲ್ಲ ಭೀಮರಸ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನುವ ಗಾದೆಗೆ ಅವನೇ ಸಾಕ್ಷಿ.

“ಡ್ಯೂಕ್ ಸಾಹೇಬರು ಈ ಬಿರುದಿಗಾಗಿ ಏನು ಮಾಡಿದಿರಿ?” ಎಂದು ಕೇಳಿದ.

“ನಾನೇನು ಮಾಡಬೇಕು? ಹುಟ್ಟಿದೆ.”

ಮೊದಲನೆಯ ಡ್ಯೂಕನು ರಣರಂಗದಲ್ಲಿ ಕೆಳಗೆ ಬಿದ್ದ ರಾಜನನ್ನು ತನ್ನ ಕುದುರೆಯ ಮೇಲೆ ಹತ್ತಿಸಿ, ತಾನು ಕಾಲ್ನಡಿಗೆಯಲ್ಲೇ ಕಾದಾಡಿದನಂತೆ. ಅಂದಿನಿಂದ ಬಿರುದು ಅಪ್ಪನಿಂದ ಹಿರಿಯ ಮಗನಿಗೆ, ಅವನಿಂದ ಅವನ ಹಿರಿಯ ಮಗನಿಗೆ, ಎಲ್ಲೂ ಕಡಿಯದೆ ಇಳಿದು ಬಂದಿದೆಯಂತೆ. ಅಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ ಎಂದ ಹಾಗಿತ್ತು ಆ ಮಾತು. ನಾಯಕ ಮಾತ್ರ ಮೂಸುವುದಕ್ಕೆ ಸಿದ್ಧನಾಗಿದ್ದ. ನಾಡಿದ್ದು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬದ ಊಟಕ್ಕೆ ಸಾಹೇಬರು ಅದೇ ಪೀಠದಲ್ಲಿ ಕೂರಲಿ ಎಂದುಬಿಟ್ಟ.

ದುಗ್ಗಪ್ಪ ತಾನೇ ಪೀಠ ಬಿಟ್ಟು ಎದ್ದ. ಹೊರಗೆ ಬಂದ ಮೇಲೆ ಭೀಮರಸನಿಗೆ ಹೇಳಿದ: “ಹಬ್ಬದ ದಿನ ನನ್ನ ಕಾಯಬ್ಯಾಡ ಭೀಮಪ್ಪ. ಬಾಗಿಲ ಹತ್ರ ಕೂತು ಉಣ್ಣೋ ವಯಸ್ಸಲ್ಲ ನಂದು. ಊರು ಬಿಡ್ತೀನಿ.”

ಹಬ್ಬದವರೆಗೆ ತಡೆದುಕೊ ಎಂದು ಭೀಮರಸ ಮುದುಕನನ್ನು ಒಪ್ಪಿಸಿ, ನೇರವಾಗಿ ಡ್ಯೂಕನ ಬಿಡಾರಕ್ಕೆ ಹೋದ. ನಮ್ಮಲ್ಲಿ ಹಿರಿಯರ ಹಕ್ಕು ಪಡೆಯುವವರು ಆ ದಿನ ಅವರಿಗೆ ಎಡೆ ಇಡಬೇಕು, ಅದನ್ನು ಕಾಗೆ ಮುಟ್ಟಿದರೆ ಹಿರಿಯರು ಒಪ್ಪಿಕೊಂಡ ಹಾಗೆ ಎಂದು ವಿನಯದಿಂದ ತಿಳಿಸಿದ. ಡ್ಯೂಕ್ ಉಬ್ಬಿಹೋದ. ಮೊದಲನೆಯ ಡ್ಯೂಕನಿಗೆ ಕುರಿಮಾಂಸ ಇಷ್ಟ, ಧಾರಾಳವಾಗಿ ಬಡಿಸಿ ಎಂದ.

ಅಮಾವಾಸ್ಯೆಯ ದಿನ ಅರಮನೆಯ ಮಾಳಿಗೆಯ ಮೇಲೆ ಬಾಳೆಲೆ ಹಾಸಿ ಎಡೆ ಇಟ್ಟರು. ನಾಯಕನ ಹಿರಿಯರ ಎಡೆಗೆ ಕಾಗೆಗಳು ಕಚ್ಚಾಡಿಕೊಂಡು ಎರಗಿದವು. ಆಚೆ ತುದಿಯಲ್ಲಿ, ಗೋಡೆಯ ಅಂಚಿನಲ್ಲಿದ್ದ ಡ್ಯೂಕನ ಎಡೆಯ ಕಡೆಗೆ ಹಾರಿಬಂದ ಒಂದೊಂದು ಕಾಗೆಯೂ ಕಾಕಾ ಎಂದು ಕಿರುಚಿ ಹಿಂದಿರುಗಿತು.

ಹೊತ್ತು ನೆತ್ತಿಗೇರಿತು. ಎಲ್ಲ ಎಡೆಗಳನ್ನೂ ಕಾಗೆ ಮುಟ್ಟದೆ ಕೋಟೆಯಲ್ಲಿ ಯಾರೂ ಉಣ್ಣುವಂತಿಲ್ಲ. ಕೆಳಗೆ ಮಾಂಸದ ಸಾರು ಘಮಘಮಿಸುತ್ತಿತ್ತು. ಹಸಿದ ಬಂಟರು ಡ್ಯೂಕನನ್ನು ನೋಡುತ್ತಿದ್ದ ನೋಟದಲ್ಲಿ ಮರ್ಯಾದೆ ಉಳಿದಿರಲಿಲ್ಲ.

“ಇಟ್ಟವನು ತಮ್ಮ ಸ್ವಂತ ರಕ್ತ ಅಲ್ಲದಿದ್ದರೆ ಹಿರಿಯರು ಎಡೆ ಮುಟ್ಟೋದಿಲ್ಲ ಸಾಹೇಬರೇ,” ಎಂದ ಭೀಮರಸ ಮೆಲ್ಲಗೆ. “ನಿಜ ಹೇಳಿಬಿಟ್ಟರೆ ಶಾಂತಿಗೆ ದಾರಿಯಿದೆ. ಇಲ್ಲವಾದರೆ ಸಂಜೆಯವರೆಗೂ ಎಲ್ಲರಿಗೂ ಉಪವಾಸ.”

ಡ್ಯೂಕ್ ಮೊದಲು ನಕ್ಕ. ಆಮೇಲೆ ಬಂಟರ ಮುಖ ನೋಡಿದ. ಅವನ ಹೊಟ್ಟೆಯೂ ಗುಡುಗಿತು. ಕೊನೆಗೆ ಬಾಯಿಬಿಟ್ಟ. ಮೊದಲನೆಯವನ ವಂಶ ನಾಲ್ಕನೆಯ ಡ್ಯೂಕನಿಗೇ ಮುಗಿಯಿತು. ಅವನಿಗೆ ಇದ್ದವಳು ಒಬ್ಬಳೇ ಮಗಳು, ಹೆಣ್ಣಿಗೆ ಬಿರುದು ಸಲ್ಲದು. ಖಾಲಿ ಬಿದ್ದಿದ್ದ ಬಿರುದನ್ನು ಆಗಿನ ರಾಜ ಈ ಡ್ಯೂಕನ ಮುತ್ತಜ್ಜನಿಗೆ ದಯಪಾಲಿಸಿದ.

“ಮುತ್ತಜ್ಜ ಯಾವ ಯುದ್ಧ ಗೆದ್ದರು?” ಎಂದ ನಾಯಕ.

ಯುದ್ಧವಲ್ಲ ಎಂದ ಡ್ಯೂಕ್, ನೆಲ ನೋಡುತ್ತ. ರಾಣಿಯ ನಾಯಿಗೆ ಹಿಂಗಾಲ ಮೇಲೆ ನಿಂತು ಸಲಾಮು ಹಾಕುವುದನ್ನು ಕಲಿಸಿದ್ದನಂತೆ.

ನಾಯಕನ ಆಸೆ ಇನ್ನೂ ತೋಪಿನ ಮೇಲೇ ಇತ್ತು. “ಏನೇ ಆಗಲಿ, ಬಿರುದು ಬಿರುದೇ ಅಲ್ಲವೇ ಭೀಮರಸ? ಪೀಠ ಕೊಡಬೇಕಾಗುತ್ತದೆ.”

“ಕೊಡಲೇಬೇಕು ಒಡೆಯಾ. ಆದರೆ ಹಿಂಗಾಲ ಮೇಲೆ ನಿಂತು ಕಷ್ಟಪಟ್ಟದ್ದು ನಾಯಿ. ಆ ನಾಯಿಯ ವಂಶದ ಹಿರಿಯ ಮಗ ಎಲ್ಲಿದ್ದರೂ ಹುಡುಕಿಸಿ ತರಿಸೋಣ. ಅಲ್ಲಿಯವರೆಗೆ ದುಗ್ಗಪ್ಪನೇ ಕೂತಿರಲಿ.”

ಮೊದಲು ನಕ್ಕವನು ನಾಯಕನೇ. ಆಮೇಲೆ ಬಂಟರ ನಗುವಿಗೆ ಕಾಗೆಗಳೇ ಹೆದರಿ ಹಾರಿದವು.

ನಗು ತಣ್ಣಗಾದ ಮೇಲೆ ಭೀಮರಸ ಗೋಡೆಗೆ ಬಾಗಿ, ಅಲ್ಲೇನೋ ಸರಿಪಡಿಸಿದವನ ಹಾಗೆ ಮಾಡಿ, ದುಗ್ಗಪ್ಪನನ್ನು ಕರೆದ. ಒಡೆಯನಿಗಾಗಿ ಕಾದಾಡಿದ ಆ ಪುಣ್ಯಾತ್ಮ ಮೊದಲನೆಯ ಡ್ಯೂಕನಿಗೆ ಇಲ್ಲಿ ನೆಂಟ ಅಂತ ಇದ್ದರೆ ನೀನೇ, ನೀನೇ ಬಡಿಸು ಎಂದ. ಮುದುಕ ಎಡಗೈಯಲ್ಲೇ ಒಂದು ತುತ್ತು ಅನ್ನ ಇಟ್ಟು ಹಿಂದೆ ಸರಿದ. ಕಾಗೆ ಬಂದು ಮುಟ್ಟಿತು. ದುಗ್ಗಪ್ಪನ ಕಣ್ಣು ತುಂಬಿ ಬಂತು.

ಊಟದಲ್ಲಿ ಅವನು ನಾಯಕನ ಬಲಗಡೆಗೇ ಕೂತ. ಡ್ಯೂಕನಿಗೂ ಬಾಗಿಲ ಬಳಿ ಹೊಟ್ಟೆ ತುಂಬ ಬಡಿಸಿದರು.

ಸಂಜೆ ನಾಯಕ ಕೈಯ ಕಡಗ ಕಳಚಿ ಭೀಮರಸನಿಗೆ ತೊಡಿಸಿ, ಕಾಗೆಯ ಗುಟ್ಟು ಕೇಳಿದ. ಭೀಮರಸ ಸೊಂಟದಿಂದ ಕರಿಕಂಬಳಿಯ ಒಂದು ಗಂಟು ತೆಗೆದ. ಹೊಲದಲ್ಲಿ ಕಾಗೆ ಬೆದರಿಸಲು ಕಟ್ಟುವಂಥದು, ನೋಡಲು ಸತ್ತ ಕಾಗೆಯಂತೆಯೇ ಇತ್ತು. ಅದನ್ನು ಗೋಡೆಯ ಹೊರಮಗ್ಗುಲಿಗೆ, ಎಡೆಯ ನೇರಕ್ಕೆ ನೇತುಹಾಕಿದ್ದ.

“ಅವನ ವಂಶ ಕಡಿದಿದೆ ಅಂತ ನಿನಗೆ ಹೇಗೆ ಗೊತ್ತಿತ್ತು?”

“ಗೊತ್ತಿರಲಿಲ್ಲ ಒಡೆಯಾ. ಎಂಟು ತಲೆಮಾರು ಎಲ್ಲೂ ಕಡಿಯದೆ ಬಂದ ವಂಶ ಅಂದರೆ ನಂಬೋ ವಯಸ್ಸು ನನಗೆ ದಾಟಿದೆ, ಅಷ್ಟೇ.”

ನಾಯಕ ನಗುತ್ತ ನಗುತ್ತ ಸುಮ್ಮನಾದ. ಅವನ ವಂಶಾವಳಿಯನ್ನು ಹೊಗಳುಭಟ್ಟರು ದಿನಾ ಬೆಳಿಗ್ಗೆ ಹನ್ನೆರಡು ತಲೆಮಾರು ಹಾಡುತ್ತಿದ್ದರು.

“ನಮ್ಮ ಎಡೆಯ ಹತ್ತಿರ ಇದನ್ನು ಕಟ್ಟಿರಲಿಲ್ಲ ತಾನೆ?”

“ಛೆ, ಇಲ್ಲ ಒಡೆಯಾ,” ಎಂದು ಭೀಮರಸ ಕೈಮುಗಿದ. “ನನಗೂ ಹೆಂಡತಿ ಮಕ್ಕಳಿದ್ದಾರೆ.”