ಅರಸ ನೋಡಿದ ಗೂಬೆಯ ಪಟ

"ಕಣಿವೆಕೋಟೆಯ ಪ್ರಜೆಗಳೆಲ್ಲ ಕೇಳಿರಿ! ಅರಮನೆಯ ಹಿಂದಿನ ಹುಣಸೆಮರದ ಪೊಟರೆಯಲ್ಲಿ ಗೂಬೆ ಮರಿ ಮಾಡಿದೆ. ಅದನ್ನು ಮರಿಸಮೇತ ಹೊಡೆದುಹಾಕಿದವನಿಗೆ ಒಂದೂರಿನ ಉಂಬಳಿ. ಆದರೆ ಮರದ ಹತ್ತಿರ ಹೋಗುವವನು ಮೊದಲು ರಾಣಿಯವರ ಮೂರು ಒಗಟು ಬಿಡಿಸಬೇಕು. ತಪ್ಪು ಹೇಳಿದವನ ತಲೆ ಉಳಿಯದು!"

ಡಂಗುರದವನು ಬೀದಿಬೀದಿಯಲ್ಲಿ ಹೀಗೆ ಸಾರಿದ.

ಅರಸ ಸೋಮರಾಜನಿಗೆ ಮದುವೆಯಾಗಿ ಬಹುಕಾಲಕ್ಕೆ ಹುಟ್ಟಿದ ಗಂಡುಕೂಸು ಹಲ್ಲು ಮೂಡುವ ಮೊದಲೇ ಜ್ವರ ಬಂದು ತೀರಿಹೋಗಿತ್ತು. "ಆ ಹಾಳು ಗೂಬೆ ಕೂಗಿ ಕೂಗಿ ಕೂಸನ್ನು ಕರೆದುಕೊಂಡಿತು" ಎಂದು ಸುತ್ತಲಿನವರು ಹೇಳಿದರು. ಯಾರನ್ನಾದರೂ ದೂರದೆ ಅರಸನಿಗೆ ಉಸಿರಾಡಲು ಆಗುತ್ತಿರಲಿಲ್ಲ. ಅವನೂ ಅದನ್ನೇ ನಂಬಿದ. ಅವನು ಅತ್ತದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ರಾಣಿ ನೀಲಾಜಮ್ಮಣ್ಣಿ ಕೂಸು ಹೋದಂದಿನಿಂದ ಬಾಯಿ ಬಿಟ್ಟಿರಲಿಲ್ಲ. ಕಿಟಕಿಯ ಪಕ್ಕ ಕೂತು ಆ ಪೊಟರೆಯನ್ನೇ ನೋಡುತ್ತಿದ್ದಳು. ಆಳುಗಳು ಕೊಡಲಿ ಹಿಡಿದು ಬಂದ ದಿನ, "ನನ್ನ ಮೂರು ಒಗಟು ಬಿಡಿಸಿದವನು ಮಾತ್ರ ಆ ಮರ ಮುಟ್ಟಲಿ" ಎಂದಳು. ಎಷ್ಟೋ ದಿನದ ಮೇಲೆ ಕೇಳಿಸಿದ ದನಿ. ಅರಸ ಇಲ್ಲವೆನ್ನಲಾರದೆ ಹೋದ. ಆದರೆ ತಡವಾಗುತ್ತದೆಂಬ ಸಿಟ್ಟಿಗೆ ತಲೆದಂಡವನ್ನು ಸೇರಿಸಿದವನು ಅವನೇ.

ಮೊದಲು ಬಂದವನು ಬೇಟೆಗಾರ ಜಟ್ಟಪ್ಪ. ಒಳತೊಟ್ಟಿಯಲ್ಲಿ ಅರಸ, ರಾಣಿ ಇಬ್ಬರೇ ಇದ್ದರು. ರಾಣಿ ಕೇಳಿದಳು:

"ಇರುಳಿಡೀ ಕಣ್ಣು ಮುಚ್ಚುವುದಿಲ್ಲ. ಹಗಲು ಕೂತಲ್ಲೇ ತೂಕಡಿಕೆ. ಮೈ ಸೋತು ಸುಣ್ಣವಾದರೂ ಮುಖದಲ್ಲಿ ನಗು. ಯಾರದು?"

"ಇದೇನು ಮಹಾ ತಾಯಿ, ಗೂಬೆ!"

"ಗೂಬೆ ನಕ್ಕಿದ್ದನ್ನು ಎಲ್ಲಿ ನೋಡಿದೆಯಪ್ಪ?"

ಜಟ್ಟಪ್ಪ ಸೆರೆಮನೆ ಸೇರಿದ.

ಮಾರನೆಯ ದಿನ ದಳವಾಯಿಯ ಮಗ ಚೆನ್ನರಾಜ ಬಂದ. ಅವನ ಮನೆಯಲ್ಲಿ ಆಗಷ್ಟೇ ಹೆರಿಗೆಯಾಗಿತ್ತು. "ಎಳೆಗೂಸಿನ ತಾಯಿ" ಎಂದು ಮೊದಲನೆಯದನ್ನು ಬಿಡಿಸಿಬಿಟ್ಟ. ರಾಣಿ ಎರಡನೆಯದನ್ನು ಕೇಳಿದಳು:

"ತುಂಬಿದ್ದಾಗ ಒಂದು ಬೆರಳಲ್ಲಿ ಆಡಿಸಬಹುದು. ಬರಿದಾದರೆ ಯಾರಿಂದಲೂ ಎತ್ತಲಾಗದು. ಏನದು?"

"ಕೆರೆಯ ದೋಣಿ, ಅಮ್ಮಣ್ಣಿಯವರೇ. ಕೆರೆ ತುಂಬಿದರೆ ತೇಲುತ್ತದೆ, ಬತ್ತಿದರೆ ಎತ್ತುವವರು ಯಾರು?"

"ಜಾಣತನದ ಮಾತು. ಆದರೆ ಅದಲ್ಲ" ಎಂದು ರಾಣಿ ಮುಖ ತಿರುಗಿಸಿದಳು. ಅವನೂ ಸೆರೆಮನೆ ಸೇರಿದ. ಅಮಾವಾಸ್ಯೆಗೆ ಇಬ್ಬರ ತಲೆಯೂ ಹೋಗುವುದೆಂದು ಊರು ಮಾತಾಡಿಕೊಂಡಿತು. ಆಮೇಲೆ ಯಾರೂ ಬರಲಿಲ್ಲ.

ಕೊನೆಗೆ ಬಂದವನು ಬೋರಲಿಂಗ. ಊರೂರು ತಿರುಗಿ ಫೋಟೋ ತೆಗೆಯುವವನು. ಹೆಗಲ ಮೇಲೆ ಮರದ ಕ್ಯಾಮೆರಾ, ಕಾಲಲ್ಲಿ ಹರಿದ ಮೆಟ್ಟು.

"ಗೂಬೆ ಹೊಡೆಯೋಕೆ ಬಂದವನಲ್ಲ ಕಣಣ್ಣಾ, ಅದರ ಒಂದು ಪಟ ತೆಗೆದುಕೊಂಡು ಹೋಗ್ತೀನಿ" ಎಂದು ಕಾವಲುಗಾರನನ್ನು ಬೇಡಿದ.

"ಪಟ ಗಿಟ ನನಗೆ ಗೊತ್ತಿಲ್ಲ. ಮರದ ಹತ್ತಿರ ಹೋಗೋದಾದರೆ ಒಗಟು. ಇಲ್ಲಾಂದ್ರೆ ದಾರಿ ಹಿಡಿ."

ಬೋರಲಿಂಗ ದಾರಿಯತ್ತ ತಿರುಗಿಯೂ ಬಿಟ್ಟಿದ್ದ. ನಾಲ್ಕು ಹೆಜ್ಜೆ ಹೋದವನು ನಿಂತ. ಪೊಟರೆಯಿಂದ ಮರಿಯ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ಹಿಂದಕ್ಕೆ ಬಂದು, "ಒಳಗೆ ಕರ್ಕೊಂಡು ಹೋಗು" ಎಂದ.

ಮೊದಲ ಒಗಟಿಗೆ ಅವನು ತಡವರಿಸಲಿಲ್ಲ. "ಬಾಣಂತಿ, ತಾಯಿ. ನಮ್ಮಕ್ಕ ಹಾಗೇ ಇದ್ದಳು."

ಎರಡನೆಯದಕ್ಕೆ ಅವನು ಹೆಗಲ ಮೇಲಿನ ಕ್ಯಾಮೆರಾವನ್ನು ಕೆಳಗಿಳಿಸಿದ. "ತೊಟ್ಟಿಲು. ಕೂಸು ಇದ್ದಾಗ ಅಕ್ಕ ಒಂದು ಬೆರಳಲ್ಲಿ ತೂಗ್ತಿದ್ದಳು. ಕೂಸು ಹೋದ ಮೇಲೆ ಆ ತೊಟ್ಟಿಲನ್ನು ಅಟ್ಟಕ್ಕೆ ಎತ್ತಿಡೋಕೆ ಮನೆಯಲ್ಲಿ ಒಬ್ಬರಿಗೂ ಆಗಲಿಲ್ಲ."

ಅರಸ ಕೂತಲ್ಲೇ ಮಿಸುಕಿದ. ರಾಣಿ ಮೂರನೆಯದನ್ನು ಮೆಲ್ಲಗೆ ಕೇಳಿದಳು:

"ತಕ್ಕಡಿಗೆ ಹಾಕಿದರೆ ತೂಕವಿಲ್ಲ. ಇನ್ನೊಬ್ಬರ ತಲೆಗೆ ದಾಟಿಸಿದವನಿಗೆ ಹಗುರ. ಹೊತ್ತವರು ಇಳಿಸಲಾರರು. ಏನದು?"

ಬೋರಲಿಂಗ ಅರಸನ ಕಡೆ ನೋಡಿದ. ಉತ್ತರ ಗೊತ್ತಿತ್ತು; ಅರಸನ ಎದುರಿಗೆ ಹೇಳಲು ಹೆದರಿಕೆಯಾಯಿತು.

"ಅಪವಾದ, ತಾಯಿ" ಎಂದ ಕೊನೆಗೆ. "ಅಕ್ಕನ ಕೂಸು ಹೋದದ್ದು ಜ್ವರಕ್ಕೆ. ಊರವರು ನಮ್ಮಕ್ಕನ ಮೇಲೆ ಗೂಬೆ ಕೂರಿಸಿದರು. ಗಂಡನ ಮನೆಯವರು ಹೊರಗೆ ಹಾಕಿದರು. ಈಗ ಅವಳ ಹೆಸರೇ ಗೂಬೆ ಅಂತ ಆಗಿಹೋಗಿದೆ. ಆ ಹಕ್ಕಿ ಮರಿ ಸಾಕೋದನ್ನು ಜನ ಒಂದು ಸಲ ಕಣ್ಣಾರೆ ನೋಡಲಿ ಅಂತ ಪಟ ತೆಗೆಯೋಕೆ ಬಂದೆ."

"ಮೂರೂ ಸರಿ" ಎಂದಳು ರಾಣಿ.

ಅರಸ ಎದ್ದು ಕೋವಿ ಚಾಚಿದ. "ಗೆದ್ದಿದ್ದೀಯ. ತಗೋ, ಹೊಡಿ."

"ಬುದ್ಧಿ, ಅದಕ್ಕೆ ಮೊದಲು ತಾವು ಒಂದು ಸಲ ನೋಡಬೇಕು."

ಇಳಿಬಿಸಿಲು ಪೊಟರೆಯ ಮೇಲೆ ನೇರವಾಗಿ ಬೀಳುತ್ತಿತ್ತು. ಬೋರಲಿಂಗ ಮೂರು ಕಾಲಿನ ಪೀಠ ನಿಲ್ಲಿಸಿ ಕ್ಯಾಮೆರಾ ಹೊಂದಿಸಿದ. ಅರಸ ಒಲ್ಲದ ಮನಸ್ಸಿನಿಂದ ಅದರ ಹಿಂದಿನ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. ಕ್ಯಾಮೆರಾದ ಮಸುಕು ಗಾಜಿನ ಮೇಲೆ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ತಾಯಿಗೂಬೆ ಕಣ್ಣು ಮುಚ್ಚಿಕೊಂಡು, ಕೊಕ್ಕಿನ ತುದಿಯಿಂದ ಮರಿಯ ನೆತ್ತಿಯ ತುಪ್ಪಳವನ್ನು ಒಂದೊಂದಾಗಿ ನೇವರಿಸುತ್ತಿತ್ತು. ಮರಿ ಅದರ ಎದೆಗೆ ಒರಗಿತ್ತು.

ಅರಸ ಹೊರಗೆ ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬಟ್ಟೆಯಡಿ ಅವನ ಭುಜಗಳು ಅಲುಗತೊಡಗಿದವು. ಬೋರಲಿಂಗ ಬೇರೆ ಕಡೆ ನೋಡುತ್ತ ನಿಂತ. ರಾಣಿ ಹತ್ತಿರ ಹೋಗಿ ಬಟ್ಟೆಯೊಳಗೆ ಕೈ ತೂರಿಸಿ ಗಂಡನ ಕೈ ಹಿಡಿದುಕೊಂಡಳು.

ಹೊರಬಂದ ಅರಸ ಕೋವಿಯ ಕಡೆ ನೋಡಲಿಲ್ಲ. "ನಿನಗೇನು ಬೇಕು ಕೇಳು" ಎಂದ.

"ಸೆರೆಯಲ್ಲಿರುವ ಇಬ್ಬರನ್ನೂ ಬಿಡಿಸಿ, ಬುದ್ಧಿ."

ಜಟ್ಟಪ್ಪನೂ ಚೆನ್ನರಾಜನೂ ಆ ಸಂಜೆಯೇ ಮನೆಗೆ ಹೋದರು. ಮಾತು ಕೊಟ್ಟ ಉಂಬಳಿಯನ್ನು ಅರಸ ಬೋರಲಿಂಗನಿಗೇ ಬರೆದುಕೊಟ್ಟ. ಅದೂ ಅವನ ಅಕ್ಕನನ್ನು ಆಡಿಕೊಂಡ ಊರನ್ನೇ. ಅಕ್ಕ ಮೇನೆಯಲ್ಲಿ ಕೂತು ಆ ಊರಿಗೆ ಹೋದಳು.

ಅಂದು ಅರಸ ಬಟ್ಟೆಯಿಂದ ಹೊರಬಂದ ಮೇಲೆ ತೆಗೆದಿದ್ದ ಪಟವನ್ನು ಬೋರಲಿಂಗ ತೊಳೆದು ತಂದಾಗ ಅವನ ಮುಖ ಸಪ್ಪಗಿತ್ತು. ತಾಯಿ ಅಚ್ಚುಕಟ್ಟಾಗಿ ಬಂದಿತ್ತು. ಮರಿ ಇದ್ದಲ್ಲಿ ಮಾತ್ರ ಬರೀ ಬಿಳಿಯ ಮಸುಕು.

"ಕ್ಷಮಿಸಬೇಕು ತಾಯಿ, ತೆಗೆಯೋವಾಗ ಅಲ್ಲಾಡಿಬಿಟ್ಟಿತು."

ರಾಣಿ ಆ ಮಸುಕಿನ ಮೇಲೆ ಬೆರಳಿಟ್ಟಳು. "ಕೂಸಲ್ಲವೇನಪ್ಪ, ಸುಮ್ಮನೆ ಕೂತೀತೇ?" ಎಂದು ನಕ್ಕಳು.