ವೈರ್ ಸಿಕ್ಕಿಸದ ಜಾಯ್‌ಸ್ಟಿಕ್

ಹಳೇ ಕಾಲದ ಧಾಟಿಯ ಹೊಸ ವಿಡಿಯೋ ಗೇಮೊಂದನ್ನು ಪ್ರಮಥ ತನ್ನ ಹಳೇ ಜಾಯ್‌ಸ್ಟಿಕ್ಕಿನಲ್ಲಿ ಒಬ್ಬನೇ ಆಡಿ ಮುಗಿಸಿ, "ಜಿಗಿತ ಚೆನ್ನ, ಸಂಗೀತ ಚೆನ್ನ, ಆದರೂ ಏನೋ ಕಮ್ಮಿ" ಎಂದು ಅಭಿಪ್ರಾಯ ಬರೆದ.

ಜಾಯ್‌ಸ್ಟಿಕ್ ರೇಗಿತು: "ನನ್ನ ಗುಂಡಿಗಳೆಲ್ಲ ನೆಟ್ಟಗಿವೆ. ಕಮ್ಮಿಯಾದದ್ದೇನು?"

ಕಪಾಟಿನೊಳಗಿನ ಎರಡನೇ ಜಾಯ್‌ಸ್ಟಿಕ್ ಹೇಳಿತು: "ಚಿಕ್ಕಂದಿನಲ್ಲಿ ಇವನು ವೈರ್ ಸಿಕ್ಕಿಸದೆ ನನ್ನನ್ನು ತಂಗಿಯ ಕೈಗೆ ಕೊಡುತ್ತಿದ್ದ. ನೀನು ಹಾರಿಸಿದ ಗೊಂಬೆಯನ್ನು ಕಂಡು ಅವಳು, 'ಅಣ್ಣಾ, ನಾನೇ ಹಾರಿಸಿದೆ!' ಎಂದು ಕುಣಿಯುತ್ತಿದ್ದಳು."

"ಶುದ್ಧ ಮೋಸ! ಆಟವೆಲ್ಲ ನನ್ನದೇ ಆಗಿತ್ತು."

"ಹೌದು. ಆದರೆ ಆಗ ಇವನು ಕಮ್ಮಿ ಅಂದದ್ದನ್ನು ಒಮ್ಮೆಯಾದರೂ ಕೇಳಿದ್ದೀಯಾ?"

ಅಷ್ಟರಲ್ಲಿ ಪ್ರಮಥ ಕಪಾಟು ತೆರೆದು, ಎರಡನೆಯದರ ವೈರನ್ನು ಮೊದಲ ಸಲ ಸಿಕ್ಕಿಸಿ, ಅದನ್ನು ಹಿಂದೆ ತಂಗಿ ಕೂರುತ್ತಿದ್ದ, ಈಗ ಖಾಲಿಯಿರುವ ಪಕ್ಕದ ದಿಂಬಿನ ಮೇಲಿಟ್ಟ. ಪರದೆಯಲ್ಲಿ ಇನ್ನೊಂದು ಗೊಂಬೆ ಬಂದು ಹಳ್ಳದ ಅಂಚಿನಲ್ಲಿ ನಿಂತಿತು.

"ಈಗ ಹಾರಿಸು," ಎಂದಿತು ಮೊದಲನೆಯದು.

"ಒತ್ತುವ ಬೆರಳೆಲ್ಲಿದೆ?" ಎಂದಿತು ಎರಡನೆಯದು.