ಮೂರು ಕಂಡಿಯ ಟೊಪ್ಪಿಗೆ

“ಗುರುಗಳೇ, ಆಟ ಅಂದರೆ ಆಟ. ಬಣ್ಣ ಬಳಿದುಕೊಂಡು ಕುಣಿಯುತ್ತಾರೆ, ಬೆಳಗಾದರೆ ತೊಳೆದುಕೊಳ್ಳುತ್ತಾರೆ. ಅದರಿಂದ ಯಾರಿಗಾದರೂ ಕೇಡಾದೀತೇ?” ಎಂದು ಶಿಷ್ಯ ಕೇಳಿದ. ಹಿಂದಿನ ದಿನ ಅವನು ಪೇಟೆಯಲ್ಲಿ ಒಂದು ನಾಟಕ ನೋಡಿ ಬಂದಿದ್ದ. ಅದು ಒಂದು ಕುಲದವರನ್ನು ಹೀನವಾಗಿ ತೋರಿಸುವ ನಾಟಕವೆಂದು ಜೊತೆಯವರು ಹಳಿದಿದ್ದರು. ಇವನ ಕಣ್ಣಿನಿಂದ ಅದರ ಸೊಗಸು ಇನ್ನೂ ಇಳಿದಿರಲಿಲ್ಲ.

“ಕೂತುಕೋ. ಆಟದ ಕತೆಯನ್ನೇ ಹೇಳುತ್ತೇನೆ,” ಎಂದರು ಗುರುಗಳು.

ಒಬ್ಬ ತೊಗಲುಬೊಂಬೆಯವನಿದ್ದ. ಅವನಂಥ ಕೈ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಅವನ ಆಟಕ್ಕೆ ಮದ್ದಳೆ ಬಾರಿಸುತ್ತಿದ್ದ ಗೆಳೆಯ ಹೊಳೆಯಾಚೆಯ ಕೇರಿಯವನು. ಆ ಕೇರಿಯವರ ಮೈಬಣ್ಣ ಕಪ್ಪು, ಮಾತು ಬೇರೆ. ಎಂದೋ ದೂರದಿಂದ ಬಂದು ನೆಲೆಸಿದವರು. ಅಜ್ಜಂದಿರ ಕಾಲದಲ್ಲಿ ಈಚೆಯ ಕೆಲವರು ಗುಂಪು ಕಟ್ಟಿ, ಗುರುತು ಸಿಗದಂತೆ ಮುಖಕ್ಕೆ ಗೋಣಿಚಿಂದಿ ಸುತ್ತಿಕೊಂಡು ಹೋಗಿ, ಆ ಕೇರಿಗೆ ಬೆಂಕಿ ಇಟ್ಟಿದ್ದರು. ಆಮೇಲೆ ನಾಚಿಕೆಯಿಂದ ಗುಂಪು ತಾನಾಗಿಯೇ ಸತ್ತಿತು. ಅದರ ಹೆಸರೆತ್ತಿದರೆ ಹಿರಿಯರು ತಲೆ ತಗ್ಗಿಸುತ್ತಿದ್ದರು.

ಹಳೆಯ ಕತೆಗಳಿಗೆ ಜನ ಆಕಳಿಸತೊಡಗಿದರು. ಆಗ ಬೊಂಬೆಯವನು ಆ ಗುಂಪಿನವರನ್ನೇ ವೀರರನ್ನಾಗಿ ಮಾಡಿ ಒಂದು ಹೊಸ ಆಟ ಕಟ್ಟಿದ. ಚಿಂದಿ ಸುತ್ತಿದ ಮುಖ ಪರದೆಯ ಮೇಲೆ ಚೆನ್ನಾಗಿ ಕಾಣದು. ಅದಕ್ಕೆ ತನ್ನ ತಲೆಯಿಂದಲೇ ಒಂದು ಚೂಪು ಟೊಪ್ಪಿಗೆ ಹುಟ್ಟಿಸಿದ. ಅದರ ಮೇಲೆ ಮೂರು ಕಂಡಿ ಕೊರೆದ. ಹಿಂದಿನಿಂದ ದೀಪ ಹಿಡಿದರೆ ಮೂರು ನಕ್ಷತ್ರ! ಆ ವೀರರ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಬಣ್ಣ ಹಾಕಿದ. ಕೇರಿಯವರ ಬೊಂಬೆಗಳ ತೊಗಲನ್ನು ಹೆರೆಯಲೇ ಇಲ್ಲ. ಪರದೆಯ ಮೇಲೆ ಅವರಿಗೆ ಕಣ್ಣಿಲ್ಲ, ಮೂಗಿಲ್ಲ, ಬರೀ ಕಪ್ಪು.

ಮದ್ದಳೆಯವನು ನೋಡಿ ಅವನ ಕೈ ಹಿಡಿದುಕೊಂಡ. “ಅಣ್ಣಾ, ನಮ್ಮಜ್ಜನ್ನ ಸುಟ್ಟೋರು ಇವ್ರು. ಇವ್ರು ಬರುವಾಗ ನಾನೇ ಮದ್ದಳೆ ಬಾರಿಸ್ಬೇಕಾ? ನಮ್ಮೋರ ಮುಖಾನಾದ್ರೂ ಒಂಚೂರು ಹೆರಿ.”

“ಹುಚ್ಚಪ್ಪಾ, ಆಟ ಕಣೋ ಇದು. ಮುಗಿದ್ಮೇಲೆ ಎಲ್ರೂ ಒಂದೇ ಪೆಟ್ಟಿಗೇಲಿ ಮಲಗ್ತಾರೆ,” ಎಂದು ಬೊಂಬೆಯವನು ನಕ್ಕ.

ಗೆಳೆಯನ ಮಾತು ಮೀರಲಾರದೆ ಅವನು ಬಾರಿಸಿದ. ಜನ ಮರುಳೋ ಜಾತ್ರೆ ಮರುಳೋ ಎಂಬಂತೆ ಆಟ ಏಳು ಊರು ಗೆದ್ದಿತು. ಟೊಪ್ಪಿಗೆಯವರು ಪರದೆಗೆ ಬಂದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ತಲೆ ತಗ್ಗಿಸುತ್ತಿದ್ದ ಹಿರಿಯರೂ ‘ಅವರಲ್ಲಿ ನಮ್ಮಪ್ಪನೂ ಇದ್ದ’ ಎಂದು ಮೀಸೆ ತಿರುವತೊಡಗಿದರು.

ಎಂಟನೆಯ ಊರಿಗೆ ಹೊರಡುವ ದಿನ ಮದ್ದಳೆಯವನು ಬರಲಿಲ್ಲ. ಕರೆತರಲು ಬೊಂಬೆಯವನು ಹೊಳೆಯ ಕಡೆ ನಡೆದ. ಹಾಡಹಗಲು. ದಡದಲ್ಲಿ ನಲವತ್ತು ಮಂದಿ ಸಾಲಾಗಿ ನಿಂತಿದ್ದರು. ಎಲ್ಲರ ತಲೆಯ ಮೇಲೂ ಚೂಪು ಟೊಪ್ಪಿಗೆ, ಟೊಪ್ಪಿಗೆಗೆ ಮೂರು ಕಂಡಿ. ಬೊಂಬೆಯವನ ಮೈ ಜುಮ್ಮೆಂದಿತು. ಅವನ ತೊಗಲುಬೊಂಬೆ ಆಳೆತ್ತರ ಎದ್ದು ನಿಂತಿತ್ತು! ಅವರ ಹೆಜ್ಜೆ ಅವನು ಕಟ್ಟಿದ ಹೆಜ್ಜೆ, ಅವರ ಕೂಗು ಅವನು ಬರೆದ ಕೂಗು. ತನ್ನ ಕೈಯಲ್ಲಿ ಇಷ್ಟೊಂದು ಶಕ್ತಿಯಿತ್ತೇ ಎಂದು ಬೆರಗಾದ. ದೇವರ ಮುಂದೆ ನಿಂತವನಂತೆ ಕೈಮುಗಿದ. ಅವರ ಕೈಯಲ್ಲಿ ಪಂಜುಗಳಿದ್ದದ್ದನ್ನು ಕಂಡದ್ದು ಆಮೇಲೆ.

ಓಡಿಹೋಗಿ ಅಡ್ಡ ನಿಂತ. “ಅಯ್ಯೋ, ಈ ಟೊಪ್ಪಿಗೆ ನಾನು ಮಾಡಿದ್ದು ಕಣ್ರಪ್ಪಾ! ಹಿಂದಿನೋರು ಹೀಗಿರ್ಲಿಲ್ಲ, ಹರಕು ಗೋಣಿ ಸುತ್ಕೊಂಡು ಹೋಗಿದ್ರು. ಎಲ್ಲಾ ಸುಳ್ಳು!”

ಮುಂದಿದ್ದವನು ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. “ಸುಳ್ಳು ಅಂತ ಯಾರಂದ್ರು? ನಾವೇ ಕಣ್ಣಾರೆ ನೋಡಿದ್ದೀವಿ.”

ಕೇರಿ ಉರಿಯಿತು. ಬೊಂಬೆಯವನು ಮೂರು ದಿನ ಬೂದಿ ಕೆದಕಿದ. ಸಿಕ್ಕಿದ್ದು ಮದ್ದಳೆಯವನ ಕೈಕಡಗ ಒಂದೇ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಈ ಪಾಪ ಯಾರಿಗೆ ಗುರುಗಳೇ? ಬೊಂಬೆಯವನಿಗೋ, ಬೆಂಕಿ ಇಟ್ಟವರಿಗೋ?”

ಗುರುಗಳು ಅವನ ಅಂಗೈಗಳನ್ನು ನೋಡುತ್ತ ಕೇಳಿದರು: “ನಿನ್ನೆಯ ನಾಟಕದಲ್ಲಿ ನೀನು ಚಪ್ಪಾಳೆ ತಟ್ಟಿದ್ದು ಯಾವಾಗ?”